ಸೋಮವ್ವನ ಸೆರಗಿನ ಬೆಲ್ಲ

ಬಾಗಲಕೋಟೆ ಕಡೆಯ ಸೋಮವ್ವ ಮುಂಬಯಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಊರಿನ ಒಂದು ಪದ್ಧತಿ ಬಿಟ್ಟಿರಲಿಲ್ಲ. ಬಂದವರಿಗೆ ಮೊದಲು ಬೆಲ್ಲ, ನೀರು; ಮಾತು ಆಮೇಲೆ. ಪರೇಲಿನ ಆಸ್ಪತ್ರೆಯೊಂದರಲ್ಲಿ ಆಯಾ ಆದಮೇಲೂ ಸೆರಗಿನ ಗಂಟಿನಲ್ಲಿ ಬೆಲ್ಲ ಇರಲೇಬೇಕು. ಎಂಥ ಹಟಮಾರಿ ಹೆಂಗಸು ಅಂತೀರಿ!

1988ರ ಬೇಸಿಗೆಯಲ್ಲಿ ಅಲ್ಲಿಗೆ ದಹಿಸರದ ದರ್ಜಿ ಗುಡುಸಾಬ ಬಂದ. ಅವನ ತಾಯಿ ಬೀಬೀಜಾನಳ ಕಾಲನ್ನು ಸಕ್ಕರೆ ಕಾಯಿಲೆ ತಿಂದುಹಾಕಿತ್ತು. ಹೊಲಿಗೆ ಮಿಶನ್ ತುಳಿಯುವವನಿಗೆ ಕಾಲೇ ಅನ್ನ. ತನಗೂ ಅದೇ ಗತಿಯೇ ಎಂದು ತಿಳಿಯಲು ಡಾಕ್ಟರ್ ವನಮಾಲಾ ಅವರ ಪರೀಕ್ಷೆಗೆ ತಾನಾಗಿಯೇ ಒಪ್ಪಿಕೊಂಡಿದ್ದ.

ಮೊದಲ ದಿನ ಗ್ಲೂಕೋಸ್ ಕುಡಿಸಿದರು. ಮತ್ತೊಂದು ದಿನ ಬಾಯಿಗೆ ಏನೂ ಕೊಡದೆ ಸೂಜಿಯಿಂದ ರಕ್ತಕ್ಕೇ ಹರಿಸಿದರು, ಸಕ್ಕರೆಯ ಮಟ್ಟ ಎರಡೂ ದಿನ ಒಂದೇ ಇರುವಂತೆ. ಯಾವಾಗ ಎಷ್ಟು ಇನ್ಸುಲಿನ್ ಬಂತು ಎಂದು ನೋಡುವುದು ಕೆಲಸ.

ಸೂಜಿಯ ದಿನ ಗುಡುಸಾಬನ ಗಂಟಲು ಒಣಗಿತು. ಸೋಮವ್ವ ಗಂಟು ಬಿಚ್ಚಿದಳು.

"ಏನೂ ತಿನ್ನಬ್ಯಾಡ ಅಂದಾರ, ಆಪಾ."

"ಬೆಲ್ಲಾ ನೀರು ತಿನ್ನೂದೇನೋ ತಮ್ಮಾ? ನಮ್ಮೂರಾಗ ವೈರಿಗೂ ಕೊಡ್ತಾರ."

ನಿಂಬೆಗಾತ್ರದ ಉಂಡೆ ಒಳಗೆ ಹೋಯಿತು.

ಮೂರು ವಾರದ ಮೇಲೆ ವನಮಾಲಾ ಕಾಗದ ಹಿಡಿದು ಕೂತರು. "ಬಾಯಿಂದ ಸಕ್ಕರೆ ಹೋದರೆ ಕರುಳು ಮೇದೋಜೀರಕ ಗ್ರಂಥಿಗೆ ತನ್ನ ಹಾರ್ಮೋನ್ ಕಳಿಸಿ, 'ಬರ್ತಾ ಇದೆ, ಇನ್ಸುಲಿನ್ ಬಿಡು' ಅಂತ ಮುಂಚೆಯೇ ಸುದ್ದಿ ಮುಟ್ಟಿಸುತ್ತೆ. ಅದಕ್ಕೇ ಸೂಜಿಯ ದಿನಕ್ಕಿಂತ ಕುಡಿದ ದಿನ ಇನ್ಸುಲಿನ್ ತುಂಬ ಹೆಚ್ಚಿರಬೇಕು. ಸಕ್ಕರೆ ಕಾಯಿಲೆಯವರಲ್ಲಿ ಆ ವ್ಯತ್ಯಾಸ ಕಡಿಮೆ. ನಿಮ್ಮಲ್ಲೂ ಕಡಿಮೆ ಬಂದಿದೆ."

ಗುಡುಸಾಬ ತನ್ನ ಪಾದಗಳನ್ನೇ ನೋಡಿದ. "ಯಾ ಅಲ್ಲಾ, ಅಮ್ಮಾನ ಹಾದೀನ ನಂದೂ."

ನೆಲ ಒರೆಸುತ್ತಿದ್ದ ಸೋಮವ್ವನಿಗೆ ಸೂಜಿಯ ದಿನದ ಬೆಲ್ಲ ನೆನಪಾಯಿತು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಈ ಬಡಪಾಯಿ ಇಲ್ಲದ ಭಯ ಹೊತ್ತು ಹೋಗುತ್ತಾನೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತಾಯಿತು. ಕೊನೆಗೆ ಬಟ್ಟೆ ಬಿಸಾಕಿ ಎದ್ದಳು.

"ಡಾಕ್ಟರ್ ಬಾಯಾರ, ಸೂಜಿ ದಿನ ನಾನ ಅವಗ ಬೆಲ್ಲಾ ತಿನಸೀನ್ರಿ."

"ಅಯ್ಯೋ! ಎಲ್ಲಾ ಹಾಳು ಮಾಡಿದೆಯಲ್ಲ!" ವನಮಾಲಾ ಸಿಡಿದರು. ಮರುಕ್ಷಣ ಕಾಗದದತ್ತ ಬಾಗಿದರು. "ಎಷ್ಟು ಹೊತ್ತಿಗೆ ಕೊಟ್ಟೆ?"

"ಮಿಲ್ಲಿನ ಹತ್ತು ಗಂಟೆ ಭೋಂಗಾ ಕೂಗಿತ್ರಿ."

ಡಾಕ್ಟರ ಬೆರಳು ಸೂಜಿಯ ದಿನದ ಗೆರೆಯ ಮೇಲೆ ನಿಂತಿತು. ಹತ್ತೂಕಾಲಿಗೆ ಇನ್ಸುಲಿನ್ ಗುಡ್ಡದಂತೆ ಏರಿತ್ತು. ಮೂವರೂ ಬಾಯಿ ಬಿಟ್ಟುಕೊಂಡು ಅದನ್ನೇ ನೋಡಿದರು. ಸೆರಗಿನ ಬೆಲ್ಲ ಕಾಗದಕ್ಕೂ ಬಂದಿತ್ತು!

ಕೆಲಸ ಹೋಗಲಿಲ್ಲ. ಮರುಪರೀಕ್ಷೆಗೆ ಸೋಮವ್ವನನ್ನೇ ಕಾವಲು ಕೂರಿಸಿದರು. ಬಂದವನನ್ನು ಮೂರು ಗಂಟೆ ಒಣಬಾಯಲ್ಲಿ ಕೂರಿಸುವುದೆಂದರೆ ಅವಳಿಗೆ ಜೀವ ಹೋದಂತೆ.

"ಆಪಾ, ಒಂದೀಟು ಬೆಲ್ಲಾ?" ಗುಡುಸಾಬ ಬೇಕೆಂದೇ ಕೆಣಕಿದ.

"ಸುಮ್ಕ ಕುಂದರೋ ನಮ್ಮಪ್ಪಾ!"

ಈ ಸಲ ಸೂಜಿಯ ಗೆರೆ ನೆಲ ಹಿಡಿದಿತ್ತು. ಕುಡಿದ ದಿನದ್ದು ಅದರ ಎರಡರಷ್ಟು. "ಸದ್ಯಕ್ಕೆ ನಿಮ್ಮ ಕರುಳು ಚೆನ್ನಾಗಿಯೇ ಸುದ್ದಿ ಮುಟ್ಟಿಸ್ತಿದೆ," ಎಂದರು ವನಮಾಲಾ. "ನಾಳೆಯ ಗ್ಯಾರಂಟಿ ನನ್ನ ಕೈಲಿಲ್ಲ. ವರ್ಷಕ್ಕೊಮ್ಮೆ ಬನ್ನಿ." ಗುಡುಸಾಬ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ನಿಂತು ಅತ್ತುಬಿಟ್ಟ.

ಅವನು ಹೋದಮೇಲೆ ಸೋಮವ್ವ ಒಂದು ಚೂರು ಬೆಲ್ಲ ತನ್ನ ಬಾಯಿಗೇ ಹಾಕಿಕೊಂಡಳು. ಬಂದವರನ್ನು ಮೊದಲು ಎದುರುಗೊಳ್ಳುವವಳು ತಾನೇ ಎಂದುಕೊಂಡಿದ್ದಳು, ಪಾಪ; ಒಳಗೆ ಕರುಳೂ ಅದೇ ಕೆಲಸದಲ್ಲಿತ್ತು. ಹೊಟ್ಟೆಯ ಮೇಲೆ ಅಂಗೈ ಇಟ್ಟು ಉಸಿರು ಬಿಗಿಹಿಡಿದಳು.

"ಬಂತು ನೋಡವ್ವಾ," ಎಂದಳು ಮೆಲ್ಲಗೆ, "ಹೇಳಿಕಳಸು."