ನಾನು ಯಾರಿಗೆ ಓಟು ಹಾಕಿದೆ

ನ್ಯಾಮತಿಯಿಂದ ಹೊನ್ನಾಳಿಗೆ ದಿನಾ ಬಸ್ಸಿನಲ್ಲಿ ಹೋಗಿ ಹುಡುಗಿಯರ ಹೈಸ್ಕೂಲಿನಲ್ಲಿ ಪೌರನೀತಿ ಹೇಳಿಕೊಡುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಮದುವೆಯಾಗಿ ಎರಡು ವರ್ಷ. ಪಾಠದಲ್ಲಿ ಹೇಳುತ್ತಿದ್ದೆ: ಇಂಗ್ಲೆಂಡಿನಲ್ಲಿ ಹಿಂದೆ ಜಮೀನ್ದಾರನ ಎದುರಿಗೇ ನಿಂತು ಯಾರಿಗೆ ಓಟು ಅಂತ ಬಾಯಿಬಿಟ್ಟು ಹೇಳಬೇಕಿತ್ತು, ಗುಪ್ತ ಮತದಾನ ಬಂದದ್ದು ಆಮೇಲೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅನ್ನುವುದಕ್ಕೂ ಜನ ಓಟು ಹಾಕುತ್ತಾರೆ. ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಓಟು ಸಿಕ್ಕಿದ್ದು ಮೊನ್ನೆ ಮೊನ್ನೆ, ನಮಗೋ ಮೊದಲ ಚುನಾವಣೆಯಿಂದಲೇ ಇದೆ. ಇದನ್ನೆಲ್ಲ ಎದೆಯುಬ್ಬಿಸಿ ಹೇಳಿ ಸಂಜೆ ಮನೆಗೆ ಬಂದರೆ, ಭಾವನ ಎದುರು ಗಟ್ಟಿಯಾಗಿ ಉಸಿರು ಬಿಡುವ ಹಾಗೂ ಇರಲಿಲ್ಲ. ಗಂಡನ ಅಣ್ಣ, ಮನೆಯ ಯಜಮಾನರು. ನನ್ನನ್ನು ಕೆಲಸಕ್ಕೆ ಕಳಿಸಲು ಒಪ್ಪಿದ್ದೂ ಅವರೇ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಆ ವರ್ಷ ಭಾವ ತಾಲ್ಲೂಕು ಬೋರ್ಡಿಗೆ ನಿಂತರು. ಅಮೆರಿಕದ ಪದ್ಧತಿ ಎಲ್ಲಿ ಬಂತು! ನಮ್ಮ ಜಗಲಿಯ ಮೇಲೆ ನಾಲ್ಕು ಜನ ಕೂತು ಕಾಫಿ ಕುಡಿದು ಎದ್ದರು, ಅಭ್ಯರ್ಥಿ ತೀರ್ಮಾನವಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಎದುರಾಳಿಯೇ ಮೇಲು ಅನ್ನಿಸಿತ್ತು. ಓಡಾಡಿ ನಮ್ಮ ಓಣಿಗೆ ನಲ್ಲಿ ಹಾಕಿಸಿದ್ದು ಆ ಮನುಷ್ಯ.

ಓಟಿಗೆ ಒಂದು ವಾರ ಇರುವಾಗ ಆ ಎದುರಾಳಿಯ ಹೆಂಡತಿ ಮಗಳ ಮಾರ್ಕ್ಸ್ ಕೇಳುವ ನೆಪದಲ್ಲಿ ಶಾಲೆಗೆ ಬಂದರು. ಹೊರಡುವಾಗ ನನಗೆ ಕುಂಕುಮ ಹಚ್ಚಿ ಎಲೆ ಅಡಿಕೆ ಕೊಟ್ಟರು. ನಮ್ಮ ಕಡೆ ಚುನಾವಣೆ ಹೊತ್ತಿನಲ್ಲಿ ಎಲೆ ಅಡಿಕೆ ಹಿಡಿದರೆ ಮಾತು ಕೊಟ್ಟಂತೆ. ಆದರೆ ಮುತ್ತೈದೆ ಕುಂಕುಮದ ಜೊತೆ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಸೆರಗೊಡ್ಡಿ ತೆಗೆದುಕೊಂಡೆ, ಪೆದ್ದಿ! ನಾನು ಬಸ್ಸಿಳಿಯುವ ಮೊದಲೇ ಸುದ್ದಿ ಮನೆ ತಲುಪಿತ್ತು.

"ಎಂಥ ಕೆಲ್ಸ ಮಾಡ್ದೆ ಮಾರಾಯ್ತಿ! ಊರಾಗೆ ಹೆಂಗೆ ತಲಿ ಎತ್ತಾಕೆ ಆಗ್ತೈತೆ?" ಎಂದರು ಅತ್ತೆ. ನಮ್ಮ ಮನೆಯವರು ಪೇಪರಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಭಾವ ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿ ಹೊರಗೆ ಹೋದರು, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮತಗಟ್ಟೆಯಲ್ಲಿ ಮರೆಯ ಹಿಂದೆ ನಾನೊಬ್ಬಳೇ. ಯಾರೂ ನೋಡುತ್ತಿರಲಿಲ್ಲ. ಆದರೂ ಭಾವನ ಗುರುತಿಗೇ ಮುದ್ರೆ ಒತ್ತಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಭಾವ ಸೋತರು, ಕೆಲವೇ ಓಟಿನಿಂದ. ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಗಟ್ಟಿ ತಂದು ನನ್ನ ಮುಂದೆ ಇಟ್ಟರು.

"ಇದನ್ನ ಮುಟ್ಟಿ ಹೇಳವ್ವ, ಯಾರಿಗೆ ಹಾಕ್ದೆ? ನನಗೇ ಅಂದ್ರೆ ನಂಬ್ತೀನಿ. ಇಲ್ಲಾಂದ್ರೆ ನಾಳಿಂದ ಪಾಠ ಹೇಳಾಕೆ ಹೋಗಂಗಿಲ್ಲ."

ನಿಜ ಹೇಳಿದರೆ ಸಾಕಿತ್ತು. ನಾಲಿಗೆ ತುದಿಗೂ ಬಂದಿತ್ತು. ಅಷ್ಟರಲ್ಲಿ ಮೈಯೆಲ್ಲ ಉರಿದುಹೋಯಿತು. ಓಟನ್ನಂತೂ ಹೆದರಿ ಕೊಟ್ಟಾಗಿದೆ, ಇನ್ನು ಅದರ ವರದಿಯನ್ನೂ ಒಪ್ಪಿಸಬೇಕೇ?

"ಅದನ್ನ ಕೇಳಬಾರ್ದು ಭಾವ. ನಾನು ಹೇಳಂಗಿಲ್ಲ."

"ಹೇಳಿಬಿಡೇ, ಹಟ ಯಾಕೆ?" ಎಂದು ಅತ್ತೆ ಕೈ ಹಿಡಿದು ಅಲುಗಾಡಿಸಿದರು. ನಾನು ಕೈ ಬಿಡಿಸಿಕೊಂಡೆ. ಭಾವ ವಿಭೂತಿ ಎತ್ತಿಕೊಂಡು ಒಳಗೆ ಹೋದರು.

ರಾಜೀನಾಮೆಯನ್ನು ನಮ್ಮ ಮನೆಯವರೇ ಬರೆದರು, ನಾನು ಸಹಿ ಹಾಕಿದೆ. ನನ್ನಿಂದಲೇ ಸೋತೆ ಎಂದು ಭಾವ ಸಾಯುವವರೆಗೂ ನಂಬಿದ್ದರು. ಅವರಿಗೇ ಹಾಕಿದ್ದೆ ಅನ್ನುವುದನ್ನು ಕಟ್ಟಿಕೊಂಡ ಗಂಡನಿಗೂ ನಾನು ಇವತ್ತಿನವರೆಗೆ ಹೇಳಿಲ್ಲ.