ಸಾವಿರದ ನಾನೂರು ತಲೆಗಳು ಕಾಣೆಯಾದದ್ದು

ಕಾತ್ರಜ ಚೌಕದಿಂದ ಕೊಂಢ್ವಾ ಕಡೆಗೆ ಹೊರಳುವ ರಸ್ತೆಯಲ್ಲಿ ಧರ್ಮರಾಜ ಅವರ ಫ್ಲೆಕ್ಸ್ ಅಂಗಡಿ ಇದೆ. ಅಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತಿರುವವನು ಪ್ರೇಮಕುಮಾರ. ಅವನ ಅಪ್ಪ, ಅವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅಪ್ಪ ಈ ಮರಾಠಿ ಊರಿನ ಗೋಡೆಗಳನ್ನು ಕಟ್ಟಿದ. ಮಗ ಆ ಗೋಡೆಗಳನ್ನು ಮುಚ್ಚುವ ಮುಖಗಳನ್ನು ಮಾಡುತ್ತಾನೆ. ಫ್ಲೆಕ್ಸ್ ಮಾಡುವವನು ಎಂದರೆ ಅವನಿಗೆ ಸಿಟ್ಟು. ಗ್ರಾಫಿಕ್ ಆರ್ಟಿಸ್ಟ್ ಎನ್ನಬೇಕು. ವಿಸಿಟಿಂಗ್ ಕಾರ್ಡಿನಲ್ಲೂ ಹಾಗೇ ಇದೆ. ಕಾರ್ಡನ್ನು ಅವನೇ ಮಾಡಿಕೊಂಡಿದ್ದಾನೆ.

ಅವನ ಕಲೆ ಮುಖ್ಯವಾಗಿ ತಲೆಗಳದ್ದು. ಹುಟ್ಟುಹಬ್ಬದ ಬ್ಯಾನರ್ ಎಂದರೆ ಮೇಲೆ ಪಕ್ಷದ ದೊಡ್ಡವರ ತಲೆಗಳು, ನಡುವೆ ಆಳೆತ್ತರಕ್ಕೆ ಕೈಮುಗಿದು ನಿಂತ ಹುಟ್ಟುಹಬ್ಬದವನು, ಕೆಳಗೆ ಶುಭ ಕೋರುವವರ ಸಣ್ಣ ತಲೆಗಳ ಸಾಲು. ಯಾರ ತಲೆ ಯಾರದಕ್ಕಿಂತ ಎರಡು ಬೆರಳು ದೊಡ್ಡದಿರಬೇಕು ಎಂಬುದರ ಮೇಲೆ ಆ ಅಂಗಡಿಯಲ್ಲಿ ಎರಡು ಸಲ ಕುರ್ಚಿ ಮುರಿದಿವೆ. ಮಹಾನಗರಪಾಲಿಕೆಯ ಚುನಾವಣೆ ಇಂದು ಬಂತು, ನಾಳೆ ಬಂತು ಎಂದು ವರ್ಷಗಟ್ಟಲೆ ಮುಂದೆ ಹೋದಂತೆ ಓಣಿಗೆ ನಾಲ್ಕರಂತೆ ‘ಭಾವಿ ನಗರಸೇವಕ’ರು, ಅಂದರೆ ಮುಂದೆ ಕಾರ್ಪೊರೇಟರ್ ಆಗಲಿರುವವರು, ಹುಟ್ಟಿಕೊಂಡರು. ಎಲ್ಲರೂ ಸೇವೆಗೆ ತುದಿಗಾಲಲ್ಲಿ ನಿಂತಿದ್ದರು. ಸದ್ಯಕ್ಕೆ ಸೇವೆ ಬ್ಯಾನರಿನಲ್ಲೇ ನಡೆಯುತ್ತಿತ್ತು. ಹೀಗೆ ಪ್ರೇಮಕುಮಾರನ ಬಳಿ ಹಿನ್ನೆಲೆ ಕತ್ತರಿಸಿ, ಮೈಬಣ್ಣ ತಿಳಿಯಾಗಿಸಿ ಇಟ್ಟ ಸಾವಿರದ ನಾನೂರು ತಲೆಗಳು ಕೂಡಿದ್ದವು.

ಹಳೆಯ ಹಾರ್ಡ್ ಡಿಸ್ಕ್ ತುಂಬಿ ಕಂಪ್ಯೂಟರ್ ಮುಲುಗತೊಡಗಿದಾಗ ಧರ್ಮರಾಜ ಹೊಸ ಡ್ರೈವ್ ತರಿಸಿದರು. ತಂದುಕೊಟ್ಟವನು ಹೋಗುವಾಗ ಒಂದು ಮಾತು ಹೇಳಿದ: ಫೋಲ್ಡರುಗಳನ್ನು ಇದ್ದ ಹಾಗೇ ಇಡು, ಹೊಸದಕ್ಕೂ ಡಿ, ಇ ಎಂದು ಹಳೆಯ ಡ್ರೈವಿಗಿದ್ದ ಅಕ್ಷರವನ್ನೇ ಕೊಡು, ಎಲ್ಲ ಮೊದಲಿನಂತೆ ತೆರೆಯುತ್ತದೆ. ಹದಿನಾಲ್ಕು ವರ್ಷದ ಅನುಭವದವನಿಗೆ ಡ್ರೈವ್ ಮಾರುವವನು ಬುದ್ಧಿ ಹೇಳುವುದೇ? ಪ್ರೇಮಕುಮಾರ ಎಲ್ಲವನ್ನೂ ಹೊಸದಕ್ಕೆ ಹಾಕಿ, ಇದೇ ಸಮಯವೆಂದು ಮನೆ ಸ್ವಚ್ಛ ಮಾಡಿದಂತೆ ಫೋಲ್ಡರುಗಳ ಹೆಸರು ಬದಲಿಸಿದ, ತಲೆಗಳನ್ನು ಅತ್ತಿಂದಿತ್ತ ಜೋಡಿಸಿದ, ಹಳೆಯ ಡಿಸ್ಕನ್ನು ಅಳಿಸಿಯೂ ಬಿಟ್ಟ.

ಮರುದಿನ ಬೆಳಿಗ್ಗೆ ಒಂದು ಬ್ಯಾನರಿನ ಫೈಲ್ ತೆರೆದ. ಜೋಡಿಸಿದ ಫೋಟೊ ಸಿಗುತ್ತಿಲ್ಲ, ಬೇರೆಯದನ್ನು ತೋರಿಸುತ್ತೀರಾ ಎಂದು ಸಾಫ್ಟ್‌ವೇರ್ ಕೇಳಿತು. ಮೂವತ್ತೊಂದು ತಲೆಗಳಿದ್ದ ಬ್ಯಾನರ್ ಅದು. ಮೂವತ್ತೊಂದು ಸಲ ಕೇಳಿತು. ಪರದೆಯ ಮೇಲೆ ಹೆಸರು, ಪದವಿ, ಶುಭಾಶಯ ಎಲ್ಲ ಇದ್ದವು. ತಲೆ ಇರಬೇಕಾದಲ್ಲಿ ಖಾಲಿ ಚೌಕ.

“ಎಲ್ಲಿ ಹೋದ್ವೊ ಪ್ರೇಮಾ ಇವೆಲ್ಲ?” ಧರ್ಮರಾಜ ಹಿಂದಿನಿಂದ ಬಗ್ಗಿ ನೋಡಿದರು.

“ಎಲ್ಲೂ ಹೋಗಿಲ್ರಿ ಸೇಠ್, ಡ್ರೈವ್‌ನಾಗೇ ಅವ. ಎಲ್ಲಿ ಅವ ಅಂತ ಸಾಫ್ಟ್‌ವೇರಿಗೆ ಗೊತ್ತಿಲ್ಲ, ಅಷ್ಟ.”

“ನಿನಗ ಗೊತ್ತದ ಇಲ್ಲೊ?”

“ನನಗ ಈ ಕಾತ್ರಜದಾಗ ಗೊತ್ತಿರದ ಮಾರಿ ಒಂದೂ ಇಲ್ರಿ.”

ಈ ಮಾತಿನ ಮೇಲೆ ಅವನು ತಲೆಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಲು ಕೂತ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವನಿಗೆ ಎಲ್ಲ ಮುಖಗಳೂ ಒಂದೇ ಥರ ಕಾಣತೊಡಗಿದವು. ಎಲ್ಲವೂ ಬಿಳಿ ಅಂಗಿ, ಕಪ್ಪು ಕನ್ನಡಕ, ಮುಗಿದ ಕೈ. ಫೈಲಿನ ಹೆಸರುಗಳೂ ಹಾಗೇ: ಫೈನಲ್, ಫೈನಲ್ ಎರಡು, ಪಕ್ಕಾ ಫೈನಲ್. ಆಗ ಬಂತು ಓಂಕಾರ್ ದಾದಾನ ಹುಟ್ಟುಹಬ್ಬದ ಆರ್ಡರ್. ಓಂಕಾರ್ ಆ ಭಾಗದ ಭಾವಿ ನಗರಸೇವಕ, ಎರಡು ವರ್ಷದ ಹಿಂದೆ ಪಕ್ಷ ಬದಲಿಸಿದವನು. ಹೋದ ವರ್ಷದ ಬ್ಯಾನರನ್ನೇ ತೆರೆದು ವಯಸ್ಸು ತಿದ್ದಿದರೆ ಸಾಕಿತ್ತು, ಆದರೆ ಅದರಲ್ಲೂ ತಲೆ ಇರಲಿಲ್ಲ. ಪ್ರೇಮಕುಮಾರ ಹುಡುಕಿದಾಗ ಓಂಕಾರ್ ಎಂಬ ಹೆಸರಲ್ಲಿ ಆರು ಫೋಟೊ ಸಿಕ್ಕವು. ಕೂದಲು ದಟ್ಟವಾಗಿದ್ದ, ಹೊಟ್ಟೆ ಸಣ್ಣದಿದ್ದ ಒಂದನ್ನು ಆರಿಸಿ ಜೋಡಿಸಿದ. ಗಿರಾಕಿಗೆ ವಯಸ್ಸು ಇಳಿಸಿದರೆ ಖುಷಿ ಎಂಬುದು ಅವನ ಕಲಾಸಿದ್ಧಾಂತ. ಆ ಫೋಟೊದ ಕೊರಳಲ್ಲಿ ಹಳೆಯ ಪಕ್ಷದ ಪಟ್ಟೆಪಟ್ಟೆ ಶಾಲು ಇದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ. ಇಷ್ಟು ವರ್ಷ ಎಷ್ಟೋ ಕೊರಳುಗಳ ಶಾಲನ್ನು ಅವನೇ ಬದಲಿಸಿದ್ದರಿಂದ ಶಾಲು ಅವನಿಗೆ ಕಾಲರಿನಷ್ಟೇ ಸಾಮಾನ್ಯ ವಸ್ತುವಾಗಿತ್ತು.

ಪ್ರಿಂಟಿಗೆ ಹಾಕುವ ಮುಂಚೆ ವಾಟ್ಸ್ಯಾಪಿನಲ್ಲಿ ಓಂಕಾರನಿಗೆ ಕಳಿಸಿದ. ಎರಡು ನಿಮಿಷದಲ್ಲಿ ಎತ್ತಿದ ಹೆಬ್ಬೆರಳು ಬಂತು. ಓಂಕಾರ್ ತನ್ನ ಮುಖವನ್ನಷ್ಟೇ ನೋಡಿಕೊಂಡಿದ್ದ.

ಇಪ್ಪತ್ತು ಬ್ಯಾನರ್ ಏರಿದವು. ಮೇಲೆ ಹೊಸ ಪಕ್ಷದ ನಾಯಕರು ನಗುತ್ತಿದ್ದರು, ಕೆಳಗೆ ಓಂಕಾರ್ ಹಳೆಯ ಪಕ್ಷದ ಶಾಲು ಹೊದ್ದು ಕೈಮುಗಿದಿದ್ದ. ಬೆಳಿಗ್ಗೆ ಹತ್ತಕ್ಕೆ ಅದರ ಫೋಟೊ ಇಡೀ ವಾರ್ಡಿನ ಮೊಬೈಲುಗಳಲ್ಲಿತ್ತು. ಹನ್ನೊಂದಕ್ಕೆ ಓಂಕಾರ್ ನಾಲ್ಕು ಬೈಕುಗಳ ಜೊತೆ ಅಂಗಡಿಗೆ ಬಂದ. ಅವನು ಏನೂ ಕೇಳುವ ಮೊದಲೇ ಧರ್ಮರಾಜ ಪ್ರೇಮಕುಮಾರನ ಕಡೆ ಬೆರಳು ತೋರಿಸಿದರು.

“ಯಾರು ಹೇಳಿದರು ನಿನಗೆ ಇದನ್ನು ಮಾಡೋಕೆ?” ಓಂಕಾರ್ ಮರಾಠಿಯಲ್ಲಿ, ಮೆಲ್ಲಗೆ ಕೇಳಿದ. ಮೆಲ್ಲಗೆ ಕೇಳಿದ್ದರಿಂದಲೇ ಹೆಚ್ಚು ಹೆದರಿಕೆಯಾಯಿತು.

ಪ್ರೇಮಕುಮಾರ ಮೊಬೈಲ್ ತೆರೆದು ಆ ಹೆಬ್ಬೆರಳನ್ನು ತೋರಿಸಿದ. ಓಂಕಾರ್ ಅದನ್ನು ನೋಡಿ, ತನ್ನ ಜೊತೆಗಿದ್ದವರನ್ನು ಒಮ್ಮೆ ನೋಡಿ, ಸಂಜೆಯೊಳಗೆ ಇಪ್ಪತ್ತೂ ಇಳಿಯಬೇಕು ಎಂದು ಹೇಳಿ ಹೋದ.

ಪ್ರೇಮಕುಮಾರ ಏಣಿ ಹೊತ್ತು ಹೊರಟ. ಐದನೆಯದನ್ನು ಇಳಿಸುತ್ತಿದ್ದಾಗ ಓಂಕಾರನ ಫೋನ್ ಬಂತು. ಇಳಿಸಬೇಡ, ಇಳಿಸಿದ್ದನ್ನೂ ಏರಿಸು ಎಂದ. ನಡುವೆ ನಡೆದದ್ದು ಇಷ್ಟು: ಹಳೆಯ ಪಕ್ಷದ ಕಚೇರಿಯಿಂದ ಓಂಕಾರನಿಗೆ ಚಹಾಕ್ಕೆ ಕರೆ ಬಂದಿತ್ತು. ‘ನಮ್ಮ ಶಾಲು ಹೊದ್ದು ನೀವು ಕೊಟ್ಟ ಸೂಚನೆ ತಲುಪಿತು’ ಎಂದಿದ್ದರಂತೆ. ಆ ಚಹಾದ ಸುದ್ದಿ ಹೊಸ ಪಕ್ಷದವರಿಗೆ ಮುಟ್ಟಲು ಅರ್ಧ ತಾಸೂ ಹಿಡಿಯಲಿಲ್ಲ. ಎರಡು ವರ್ಷ ಅವನ ಫೋನೇ ಎತ್ತದಿದ್ದ ದೊಡ್ಡವರು ತಾವಾಗಿ ಫೋನ್ ಮಾಡಿ, ಟಿಕೆಟ್ ನಿನ್ನದೇ, ಅವಸರ ಮಾಡಬೇಡ ಎಂದರು.

ಬ್ಯಾನರ್ ಏರಿದ ನಾಲ್ಕನೆಯ ದಿನ ಓಂಕಾರ್ ಪೇಢಾ ಡಬ್ಬಿ ಹಿಡಿದು ಬಂದ. “ಪ್ರೇಮ್ ಭಾವು, ನಿನ್ನ ತಲೆಯೊಳಗೆ ಇಷ್ಟೆಲ್ಲ ರಾಜಕಾರಣ ಇದೆ ಅಂತ ಗೊತ್ತಿರಲಿಲ್ಲ” ಎಂದ. ಅದು ತಪ್ಪಿನಿಂದ ಆದದ್ದು ಎಂದು ಹೇಳಲು ಪ್ರೇಮಕುಮಾರ ಬಾಯಿ ತೆರೆದಿದ್ದ. ಪೇಢಾ ಬಾಯಿಗೆ ಬಂದದ್ದರಿಂದ ಮುಚ್ಚಿದ. ಮುಂದೆ ತೆರೆಯುವ ಅಗತ್ಯ ಕಾಣಲಿಲ್ಲ.

ವಾರದೊಳಗೆ ಇನ್ನೂ ಮೂವರು ಭಾವಿ ನಗರಸೇವಕರು ಬಂದು, ನಮ್ಮದೂ ಒಂದು ಹಳೆಯ ಫೋಟೊ ಇದ್ದರೆ ನೋಡು ಎಂದು ಕಿವಿಯಲ್ಲಿ ಹೇಳಿದರು. ಒಬ್ಬನಂತೂ ಯಾವ ಪಕ್ಷದಲ್ಲೂ ಇದ್ದವನಲ್ಲ. ಯಾವುದಾದರೂ ಶಾಲು ಹಾಕು ಎಂದ. ಪ್ರೇಮಕುಮಾರ ನಡೆಯುವ ರೀತಿಯೇ ಬದಲಾಯಿತು. ಗಿರಾಕಿ ಹೇಳಿದ್ದಕ್ಕೆ ತಕ್ಷಣ ಹೂಂ ಎನ್ನುವುದನ್ನು ಬಿಟ್ಟು, ಕಣ್ಣು ಕಿರಿದು ಮಾಡಿ, ನೋಡೋಣ ಎನ್ನತೊಡಗಿದ. ಮನೆಯಲ್ಲಿ ಊಟಕ್ಕೆ ಕೂತಾಗ, ವಾರ್ಡಿನ ಲೆಕ್ಕಾಚಾರವೇ ತನ್ನಿಂದ ಬದಲಾಗಿದೆ ಎಂದು ಹೆಂಡತಿಗೆ ಹೇಳಿದ.

ಹೆಂಡತಿ ಶೀತಲ ಒಂದು ಮಸಾಲೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವಳು, ದಿನಕ್ಕೆ ಸಾವಿರ ಚೀಟಿ ಅಂಟಿಸುವವಳು. “ನಾ ಧನಿಯಾ ಡಬ್ಬಿಗಿ ಖಾರದ ಚೀಟಿ ಹಚ್ಚಿದ್ರ ಮನಿಗಿ ಕಳಸ್ತಾರ. ನಿಮಗ ಪೇಢಾ ಕೊಡ್ತಾರ. ಭಾಳ ಚಲೋ ನೌಕರಿ ಅದ ಬಿಡ್ರಿ ನಿಮ್ದು” ಎಂದಳು.

ಕೊನೆಗೂ ಚುನಾವಣೆ ಬಂದಾಗ ಓಂಕಾರನಿಗೆ ಹೊಸ ಪಕ್ಷದ ಟಿಕೆಟ್ ಸಿಕ್ಕಿತು, ಜನ ಮತ ಹಾಕಲಿಲ್ಲ. ನಾಲ್ಕನೆಯವನಾಗಿ ಬಂದ. ನೀತಿ ಸಂಹಿತೆ ಶುರುವಾದ ದಿನವೇ ಅವನ ಕಡೆಯವರು ಬ್ಯಾನರುಗಳನ್ನು ಬಿಚ್ಚಿ ಅಂಗಡಿಯ ಹಿಂದೆ ಎಸೆದು ಹೋಗಿದ್ದರು. ಸೋತ ಮೇಲೆ ಕೇಳಲೂ ಬರಲಿಲ್ಲ. ಗೆದ್ದವನ ಅಭಿನಂದನೆಯ ಬ್ಯಾನರನ್ನು ಪ್ರೇಮಕುಮಾರನೇ ಮಾಡಿದ. ಸಲಹೆ ಕೇಳಲು ಆಮೇಲೆ ಯಾರೂ ಬರಲಿಲ್ಲವಾದರೂ ಕಣ್ಣು ಕಿರಿದು ಮಾಡುವುದನ್ನು ಅವನು ಬಿಡಲಿಲ್ಲ.

ಮೇ ಕೊನೆಯಲ್ಲಿ ಅವನ ಅವ್ವ ಶರಣಮ್ಮ ಅಂಗಡಿಗೆ ಬಂದಳು. ಅವಳು ಈಗಲೂ ಸಾಸವಡ ರಸ್ತೆಯ ಒಂದು ಕಟ್ಟಡದ ಹತ್ತಿರ, ಕೂಲಿಯವರ ತಗಡಿನ ಶೆಡ್ಡಿನಲ್ಲಿ ಇರುತ್ತಾಳೆ. ಮಳೆ ಬರುವುದರೊಳಗೆ ಮಾಡಿನ ಮೇಲೆ ಹೊದಿಸಲು ನಾಲ್ಕು ಫ್ಲೆಕ್ಸ್ ಬೇಕಿತ್ತು. ಪ್ರೇಮಕುಮಾರ ಹಿಂದಿನಿಂದ ನಾಲ್ಕು ಓಂಕಾರರನ್ನು ಎಳೆದು ತಂದು, ಬಣ್ಣ ಹೇಗೆ ಬಂದಿದೆ ನೋಡು, ಮುಖಕ್ಕೆ ಎಂಥ ಕಳೆ ಕೊಟ್ಟಿದ್ದೇನೆ ನೋಡು ಎಂದು ಬಿಡಿಸಿ ತೋರಿಸಿದ.

ಶರಣಮ್ಮ ಬಟ್ಟೆ ಗಟ್ಟಿ ಇದೆಯೇ ಎಂದು ಅಂಚನ್ನು ಜಗ್ಗಿ ನೋಡಿದಳು.

“ಮಾರಿ ಮ್ಯಾಲ್ ಮಾಡಿ ಹಾಸ್ತೀನಪಾ” ಎಂದಳು. “ಒಳಗ ಮಾಡಿದ್ರ ಮಕ್ಳು ಅಂಜ್ತಾವ.”