ಬೊಮ್ಮಯ್ಯಜ್ಜನಿಗೆ ಸಿಗದ ಹಾಸಿಗೆ

ಮೂರು ವರ್ಷದ ಹಿಂದಿನ ಮಾತು. ಕಾರವಾರದಲ್ಲಿ ಮನೆಯಿಲ್ಲದವರಿಗೆ ಆಸರೆ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಸಂಯೋಜಕಿ. ಆ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಸೇವೆ ಎಂಬ ಪದ ಕೇಳಿದರೆ ಆಕಳಿಕೆ ಬರುವಷ್ಟು ದಣಿದಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಏಪ್ರಿಲ್‌ನಲ್ಲಿ ಸಮಾಜಕಾರ್ಯ ಓದುವ ನಿಶಾ ಎಂಟು ವಾರದ ಇಂಟರ್ನ್‌ಶಿಪ್‌ಗೆ ಬಂದಳು. ಬಂದಳು ಎನ್ನುವುದೂ ತಪ್ಪೇ. ಅಂಕೋಲೆಯ ತನ್ನ ಮನೆಯಲ್ಲೇ ಕೂತು ಫೋನು, ಲ್ಯಾಪ್‌ಟಾಪ್ ಹಿಡಿದು ಮಾಡುವ ಕೆಲಸ ಅದು. ಕೊನೆಗೆ ಅವಳ ಕಾಲೇಜಿಗೆ ಮಾರ್ಕು ಕಳಿಸಬೇಕಾದವಳು ನಾನು. ಅವಳಿಗೆ ವಹಿಸಿದ್ದು ಮಳೆಗಾಲದ ಪಟ್ಟಿ. ನಾವು ಕೊಟ್ಟ ನಂಬರುಗಳಿಗೆ ಒಂದೊಂದಾಗಿ ಕರೆ ಮಾಡಿ ಫಾರಂ ತುಂಬಬೇಕು. ‘ಮಲಗಲು ಸೂರು ಇದೆಯೇ’ ಎಂಬಲ್ಲಿ ‘ಇಲ್ಲ’ ಎಂದಿದ್ದವರಿಗೆ ಮಾತ್ರ ನಮ್ಮ ಶೆಲ್ಟರ್‌ನ ಹದಿನಾಲ್ಕು ಹಾಸಿಗೆಗಳಲ್ಲಿ ಜಾಗ. ಮೇ ಕೊನೆಗೆ ಪಟ್ಟಿ ಬಂತು. ಮೇಜಿನ ಮೇಲಿದ್ದ ಚಹಾ ಆರುವುದರೊಳಗೆ ಸಹಿ ಹಾಕಿ ಕಳಿಸಿದೆ.

ಜೂನ್ ಎರಡನೇ ವಾರ ನಿಶಾಳ ಫೋನು ಬಂತು. ಅವಳ ಅವಧಿ ಮುಗಿದಿತ್ತು. ಆದರೂ ಪಟ್ಟಿಗಾಗಿ ಮಾತಾಡಿಸಿದ್ದ ಬೊಮ್ಮಯ್ಯ ಎಂಬ ಅಜ್ಜನಿಗೆ ಸುಮ್ಮನೆ ಕ್ಷೇಮ ಕೇಳಲು ಕರೆ ಮಾಡಿದ್ದಳಂತೆ.

“ಮೇಡಂ, ಅಜ್ಜ ಬೈತಖೋಲ ಬಂದರಿನ ಮೀನು ಹರಾಜು ಶೆಡ್ಡಲ್ಲಿ ಬಿದ್ಕಂಡಿದಾರೆ. ಜ್ವರ. ಮಾತೇ ಸರಿ ಬರೂದಿಲ್ಲ. ನಾ ಅವ್ರಿಗೆ ಸೂರು ಅದೆ ಅಂತ ಬರ್ದಿದ್ದೆ.”

“ಯಾಕೆ ಹಾಗೆ ಬರೆದೆ?”

“ಬೋಟಲ್ಲಿ ಮಲಗ್ತೆ ಅಂದ್ರು. ನಮ್ಮ ಅಜ್ಜನೂ ಬೋಟಲ್ಲೇ ಮಲಗೂದಲ್ದಾ. ಅದು ಮನೆ ಇಲ್ದಂಗೆ ಅಂತ ಹೊಳೀಲೇ ಇಲ್ಲ.”

ನಿಶಾ ಮೀನುಗಾರರ ಮನೆಯವಳು. ಅವಳ ಕೇರಿಯಲ್ಲಿ ಬೋಟಿನಲ್ಲಿ ಮಲಗುವ ಗಂಡಸಿಗೆ ದಂಡೆಯಲ್ಲೊಂದು ಮನೆ ಇದ್ದೇ ಇರುತ್ತದೆ. ಬೊಮ್ಮಯ್ಯಜ್ಜನಿಗೆ ಇರಲಿಲ್ಲ. ಒಂದು ಟ್ರಾಲರ್ ಬೋಟಿಗೆ ಕಾವಲಿದ್ದು ಅದರ ಕ್ಯಾಬಿನ್‌ನಲ್ಲೇ ವರ್ಷಗಟ್ಟಲೆ ಕಳೆದವರು. ಜೂನ್ ಒಂದಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾದೊಡನೆ ಮಾಲೀಕರು ಬೋಟನ್ನು ರಿಪೇರಿಗೆಂದು ದಡಕ್ಕೆಳೆಸಿ ಕ್ಯಾಬಿನ್‌ಗೆ ಬೀಗ ಹಾಕಿದ್ದರು. ಹುಡುಗಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು. ಬಂದರು ನಮ್ಮ ಕಚೇರಿಯಿಂದ ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ.

ಹೋಗಿ ಅಜ್ಜನನ್ನು ಆಸ್ಪತ್ರೆಗೆ ಸೇರಿಸಿದೆ. ನ್ಯುಮೋನಿಯಾ ಎಂದರು. ಶೆಲ್ಟರ್‌ನಲ್ಲಿ ಹಾಸಿಗೆಗಳೆಲ್ಲ ಭರ್ತಿ. ಯಾರನ್ನು ಎಬ್ಬಿಸಿ ಕಳಿಸುವುದು? ಕೊನೆಗೆ ಪಾತ್ರೆ ಪಡಗ ಇಡುವ ಕೋಣೆ ಖಾಲಿ ಮಾಡಿಸಿ ಹದಿನೈದನೆಯ ಮಂಚ ಹಾಕಿಸಿದೆ. ಅಜ್ಜ ಬದುಕಿದರು. ಆದರೆ ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬರುವಂತಾಯಿತು. ಮತ್ತೆ ಬೋಟಿನ ಕಾವಲಿಗೆ ಅವರನ್ನು ಯಾರೂ ಕರೆಯಲಿಲ್ಲ.

ಆ ಬಳಿಕ ಫಾರಂಗೆ ಒಂದು ಪ್ರಶ್ನೆ ಸೇರಿಸಿದೆ: ‘ಈಗ ಮಲಗುವ ಜಾಗದಿಂದ ಎಬ್ಬಿಸಿದರೆ ಎಲ್ಲಿಗೆ ಹೋಗುತ್ತೀರಿ?’ ಪಟ್ಟಿ ಯಾರೇ ಮಾಡಲಿ, ಸಹಿಗೆ ಮೊದಲು ಅವರೆಲ್ಲ ಮಲಗುವ ಜಾಗಗಳಿಗೆ ಒಂದು ಸುತ್ತು ನಾನೇ ಹೋಗಿ ಬರುತ್ತೇನೆ. ಕಾಲು ನೋಯುತ್ತದೆ, ಆದರೂ ಹೋಗುತ್ತೇನೆ.

ಅಂದು ಆಸ್ಪತ್ರೆಯಲ್ಲಿ, ಜ್ವರ ಇಳಿದ ಮೇಲೆ, ಅಜ್ಜನ ಕಿವಿಗೆ ಫೋನು ಹಿಡಿದಿದ್ದೆ. ಆ ಕಡೆ ನಿಶಾ ಬಿಕ್ಕುತ್ತಿದ್ದಳು.

“ಅಳೂದೆಂತಕೆ ತಂಗಿ? ನೀ ಸುಳ್ಳೇನ್ ಬರೀಲಿಲ್ಲ,” ಎಂದರು ಅಜ್ಜ. ಆಮೇಲೆ ನನ್ನ ಕಡೆ ತಿರುಗಿದರು. “ಈ ಹುಡುಗಿಗೆ ಮಾರ್ಕ್ ಕಮ್ಮಿ ಮಾಡೂದಿಲ್ಲಲ್ಲ ನೀವು?”

ಮಾಡಲಿಲ್ಲ. ನನ್ನ ಸಹಿಗೆ ಮಾರ್ಕು ಕಳೆಯುವವರು ಯಾರೂ ಇರಲಿಲ್ಲ.